ಮುಳುಗಿದ ಮಣ್ಣು, ಇಬ್ಬರು ಅಣ್ಣತಮ್ಮಂದಿರು: ಬಾಗಲಕೋಟೆಯ ನೆಲದಲ್ಲಿ ರಕ್ತಪಿಶಾಚಿಯ ಪ್ರೇಮ ಕಾದಂಬರಿ ಬರೆಯುವ ಬಗೆ

ಮೊದಲ ಪುಟದಲ್ಲಿ ಹಿಮ ಬೀಳುತ್ತಿರುತ್ತದೆ, ಎರಡನೆಯದರಲ್ಲಿ ಪೈನ್ ಮರಗಳ ಕಾಡು ಬರುತ್ತದೆ, ಮೂರನೆಯದರಲ್ಲಿ ಬಿಳಿಚಿದ ಮುಖದ ಹುಡುಗನೊಬ್ಬ ಕಾಣಿಸಿಕೊಳ್ಳುತ್ತಾನೆ, ನಾಲ್ಕನೆಯದರಲ್ಲಿ ಅವನನ್ನು ಕಂಡರಾಗದ ಅಣ್ಣ. ಬಾಗಲಕೋಟೆಯ ಪಿಯು ಹುಡುಗ ಹುಡುಗಿಯರು ತಾವು ಬರೆದ ಕಾದಂಬರಿಯನ್ನು ಓದಿ ನೋಡಿರೆಂದು ನನ್ನ ಬಳಿ ತರುವ ನೋಟುಬುಕ್ಕುಗಳಲ್ಲಿ ಹೆಚ್ಚಿನವು ಹೀಗೆಯೇ ಶುರುವಾಗುತ್ತವೆ. ಅವರ ಆಸೆ ನಿಜವಾದದ್ದು; ಸಾವಿಲ್ಲದ ಹುಡುಗ, ಅವನಿಗೆ ಎದುರು ನಿಂತ ಒಡಹುಟ್ಟಿದವನು, ನಡುವೆ ತನ್ನ ಮನಸ್ಸನ್ನು ತಾನೇ ಇನ್ನೂ ಅರಿಯದ ಹುಡುಗಿ, ಈ ಮೂವರ ಕಥೆಯಲ್ಲಿ ಹದಿನೇಳರ ವಯಸ್ಸಿಗೆ ತಕ್ಕ ಭಯವೂ ಇದೆ, ಬಯಕೆಯೂ ಇದೆ. ಇಂಥ ಕಾದಂಬರಿಯನ್ನು ಹಿಮದ ನಾಡಿನಿಂದ ಎರವಲು ತರದೆ, ನಮ್ಮ ಕಪ್ಪು ಮಣ್ಣಿನಿಂದಲೇ ಎಬ್ಬಿಸುವುದು ಹೇಗೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ವಿಜಯಪುರದವರೂ ಬೆಳಗಾವಿಯವರೂ ತಮ್ಮ ಊರಿಗೆ ಒಗ್ಗುವಂತೆ ಇದನ್ನು ಬದಲಿಸಿಕೊಳ್ಳಬಹುದು, ಆದರೆ ನನ್ನ ಉದಾಹರಣೆಗಳೆಲ್ಲ ಬಾಗಲಕೋಟೆಯವು, ಏಕೆಂದರೆ ನನಗೆ ಗೊತ್ತಿರುವ ಮಣ್ಣು ಅದು.

ಮೊದಲ ಹೆಜ್ಜೆ: ಈ ಕಥೆ ಎಲ್ಲಿಂದ ಬಂತೆಂದು ತಿಳಿಯಿರಿ

ಬರೆಯಲು ಕೂರುವ ಮುನ್ನ ಒಂದು ವಾರವನ್ನು ಓದಿಗೆ ಕೊಡಿ. ರಕ್ತಪಿಶಾಚಿಯ ನಂಬಿಕೆ ಯುರೋಪಿನ ಹಳ್ಳಿಗಳಲ್ಲಿ ಹುಟ್ಟಿದ್ದು ಪ್ರೇಮದಿಂದಲ್ಲ, ರೋಗದಿಂದ. ಮನೆಯಲ್ಲಿ ಒಬ್ಬರು ಸತ್ತ ಮೇಲೆ ಅದೇ ಮನೆಯ ಮತ್ತೊಬ್ಬರು, ಪಕ್ಕದ ಮನೆಯವರು ಒಬ್ಬರಾದ ಮೇಲೊಬ್ಬರು ಸಾಯತೊಡಗಿದಾಗ, ಮೊದಲು ಸತ್ತವನೇ ಗೋರಿಯಿಂದೆದ್ದು ಬಂದು ತನ್ನವರನ್ನು ಕರೆದೊಯ್ಯುತ್ತಿದ್ದಾನೆಂದು ಜನ ನಂಬಿದರು. 1725ರಲ್ಲಿ ಸರ್ಬಿಯಾದ ಒಂದು ಹಳ್ಳಿಯಲ್ಲಿ ಹೀಗೆ ಗೋರಿ ಅಗೆದು ಹೆಣಕ್ಕೆ ಗೂಟ ಹೊಡೆದ ಸಂಗತಿಯನ್ನು ಆಸ್ಟ್ರಿಯಾದ ಅಧಿಕಾರಿಯೊಬ್ಬ ಸರಕಾರಿ ವರದಿಯಲ್ಲಿ ದಾಖಲಿಸಿದ. ಆ ಮಾತು ಯುರೋಪಿನ ಪತ್ರಿಕೆಗಳಿಗೆ ಹಬ್ಬಿತು. ಮುಂದೆ 1755ರಲ್ಲಿ ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ ಹೀಗೆ ಗೋರಿ ಅಗೆಯುವುದನ್ನು ಕಾನೂನಿನಿಂದ ನಿಲ್ಲಿಸಬೇಕಾಯಿತು.

ಸಾಹಿತ್ಯದಲ್ಲಿ ಈ ಪಾತ್ರ ನೆಲೆಗೊಂಡದ್ದು ಆಮೇಲೆ. 1816ರ ಜೂನ್‌ನಲ್ಲಿ ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ಮಳೆಗೆ ಸಿಕ್ಕಿಕೊಂಡಿದ್ದ ಕೆಲವು ಸ್ನೇಹಿತರು ದೆವ್ವದ ಕಥೆ ಬರೆಯುವ ಪಂದ್ಯ ಕಟ್ಟಿಕೊಂಡರು. ಹಿಂದಿನ ವರ್ಷ ತಾಂಬೋರಾ ಜ್ವಾಲಾಮುಖಿ ಸಿಡಿದು ಯುರೋಪಿಗೆ ಆ ವರ್ಷ ಬೇಸಿಗೆಯೇ ಇಲ್ಲದಂತಾಗಿತ್ತು. ಆ ಗುಂಪಿನಲ್ಲಿದ್ದ ವೈದ್ಯ ಪೊಲಿಡೊರಿ ಬರೆದ ಕಥೆ 1819ರಲ್ಲಿ ಅಚ್ಚಾಗಿ, ಸಿರಿವಂತನೂ ಸುಂದರನೂ ಆದ ರಕ್ತಪಿಶಾಚಿಯನ್ನು ಲೋಕಕ್ಕೆ ಕೊಟ್ಟಿತು. ಅದೇ ಪಂದ್ಯದಲ್ಲಿ ಫ್ರಾಂಕೆನ್‌ಸ್ಟೈನ್ ಕಥೆಯನ್ನು ತೊಡಗಿದ ಮೇರಿಗೆ ಆಗ ಹದಿನೆಂಟು ವರ್ಷ. ನನ್ನ ಬಳಿ ಬರುವ ಪ್ರತಿಯೊಬ್ಬ ಹುಡುಗಿಗೂ ಇದನ್ನು ನಾನು ಹೇಳುತ್ತೇನೆ, ಏಕೆಂದರೆ ‘ನಿನ್ನ ವಯಸ್ಸಿಗೆ ಇದೆಲ್ಲ ಯಾಕೆ’ ಎಂದು ಕೇಳುವವರು ಅವಳ ಸುತ್ತ ಬೇಕಾದಷ್ಟು ಜನ ಇರುತ್ತಾರೆ.

ಇಬ್ಬರು ಅಣ್ಣತಮ್ಮಂದಿರು ಒಬ್ಬ ಹೈಸ್ಕೂಲು ಹುಡುಗಿಗಾಗಿ ಎದುರುಬದುರಾಗುವ ರೂಪವೂ ಹೊಸದಲ್ಲ. ಅಮೆರಿಕದ ಲೇಖಕಿ ಎಲ್. ಜೆ. ಸ್ಮಿತ್ 1991ರಲ್ಲೇ ಅದನ್ನು ಸರಣಿಯಾಗಿ ಬರೆದಿದ್ದಾರೆ, ಅದು ಟಿವಿಯಲ್ಲೂ ಬಂದಿದೆ. ಆದ್ದರಿಂದ ನಿಮ್ಮ ಓದುಗರಿಗೆ ಆ ಅಸ್ಥಿಪಂಜರ ಗೊತ್ತೇ ಇರುತ್ತದೆಂದು ತಿಳಿದು, ಅದರ ಮೇಲೆ ನಿಮ್ಮದೇ ಮೈ ಬೆಳೆಸಬೇಕು.

ಎರಡನೆಯ ಹೆಜ್ಜೆ: ಮಣ್ಣನ್ನು ಆರಿಸಿಕೊಳ್ಳಿ

ಇಡೀ ಕಾದಂಬರಿಯ ಬೇರು ಇರುವುದು ಇಲ್ಲಿ, ಹಾಗಾಗಿ ಇದನ್ನು ಕೊಂಚ ವಿಸ್ತಾರವಾಗಿ ಹೇಳುತ್ತೇನೆ.

1897ರಲ್ಲಿ ಪ್ರಕಟವಾದ ಡ್ರಾಕುಲಾ ಕಾದಂಬರಿಯಲ್ಲಿ ಬ್ರಾಮ್ ಸ್ಟೋಕರ್ ಹಾಕಿದ ಒಂದು ನಿಯಮವಿದೆ. ರಕ್ತಪಿಶಾಚಿಯಾದ ಕೌಂಟ್ ಡ್ರಾಕುಲಾ ತಾನು ಹುಟ್ಟಿದ ನೆಲದ ಮಣ್ಣಿನಲ್ಲಿ ಮಾತ್ರ ವಿಶ್ರಾಂತಿ ಪಡೆಯಬಲ್ಲ. ಅದಕ್ಕಾಗಿಯೇ ಅವನು ಐವತ್ತು ಪೆಟ್ಟಿಗೆಗಳ ತುಂಬ ತನ್ನೂರಿನ ಮಣ್ಣನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಸಾಗಿಸುತ್ತಾನೆ. ಈ ನಿಯಮವನ್ನು ಬಾಗಲಕೋಟೆಯಲ್ಲಿ ಓದಿದವರಿಗೆ ಎದೆಯಲ್ಲಿ ಏನೋ ಅಲುಗಾಡದೆ ಇರದು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಬಂದು, ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರುತ್ತ ಬಂದು, ಹಳೇ ಬಾಗಲಕೋಟೆಯ ಓಣಿ ಓಣಿಗಳು ಖಾಲಿಯಾದವು. ಜನ ನವನಗರದ ಸೆಕ್ಟರುಗಳಿಗೆ ಮನೆ ಬದಲಿಸಿದರು. ಅಜ್ಜ ಮುತ್ತಜ್ಜರ ಮಣ್ಣು ನೀರಿನಡಿ ಹೋಗುವುದೆಂದರೇನು ಎಂಬುದು ಇಲ್ಲಿನ ಓದುಗನಿಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ.

ಈಗ ನಿಮ್ಮ ಇಬ್ಬರು ಅಣ್ಣತಮ್ಮಂದಿರನ್ನು ಆ ಮಣ್ಣಿನಲ್ಲಿ ನಿಲ್ಲಿಸಿ. ಹಳೇ ಊರಿನ ವಾಡೆಯೊಂದರ, ಅಂದರೆ ದೊಡ್ಡ ಮನೆಯೊಂದರ ಮಕ್ಕಳು ಅವರು. 1918ರ ಇನ್‌ಫ್ಲುಯೆಂಜಾ ಮುಂಬಯಿ ಪ್ರಾಂತ್ಯವನ್ನೆಲ್ಲ ಹೊಡೆದ ಕಾಲ, ಬಾಗಲಕೋಟೆ ಆಗ ಅದೇ ಪ್ರಾಂತ್ಯದ ಬಿಜಾಪುರ ಜಿಲ್ಲೆಯಲ್ಲಿತ್ತು. ಅಣ್ಣನಿಗೆ ಹತ್ತೊಂಬತ್ತು, ತಮ್ಮನಿಗೆ ಹದಿನೇಳು. ಜ್ವರದ ಒಂದೇ ವಾರದಲ್ಲಿ ಇಬ್ಬರೂ ಸತ್ತರೆಂದು ಊರು ತಿಳಿಯಿತು. ರೋಗದಿಂದ ಹುಟ್ಟಿದ ನಂಬಿಕೆಯನ್ನು ಹೀಗೆ ಮತ್ತೆ ರೋಗಕ್ಕೇ ಕಟ್ಟಿದರೆ ಕಥೆಗೆ ಗಟ್ಟಿ ಬುನಾದಿ ಸಿಗುತ್ತದೆ. ನನ್ನ ಉದಾಹರಣೆಗೆ ಅಣ್ಣನನ್ನು ಶಿವರುದ್ರ ಎಂದೂ ತಮ್ಮನನ್ನು ಗುರುಪಾದ ಎಂದೂ ಕರೆಯುತ್ತೇನೆ.

ಅವರು ಹಗಲು ಎಲ್ಲಿ ಮಲಗುತ್ತಾರೆ? ಶವಪೆಟ್ಟಿಗೆ ನಮ್ಮ ಹಳೆಯ ಮನೆಗಳ ವಸ್ತುವಲ್ಲ, ಆದರೆ ಹಗೇವು ಇತ್ತು. ಜೋಳ ತುಂಬಿಡಲು ನೆಲದೊಳಗೆ ತೋಡಿದ, ಬಾಯಿ ಕಿರಿದಾಗಿ ಒಡಲು ಅಗಲವಾದ ಆ ಕಗ್ಗತ್ತಲ ಕುಳಿಗೆ, ಬಾಯಿ ತೆಗೆದ ಕೂಡಲೇ ಇಳಿದರೆ ಉಸಿರು ಕಟ್ಟುತ್ತದೆಂದು ರೈತರೆಲ್ಲರಿಗೂ ಗೊತ್ತು. ಉಸಿರಾಡದವನಿಗೆ ಅದಕ್ಕಿಂತ ಸುರಕ್ಷಿತವಾದ ಜಾಗ ಮತ್ತೊಂದಿಲ್ಲ. ವಾಡೆಯ ಎರಡು ಹಗೇವುಗಳಲ್ಲಿ ಎಂಬತ್ತು ವರ್ಷ ಮಲಗೇಳುತ್ತಿದ್ದ ಇಬ್ಬರು, ಹಿನ್ನೀರು ಬಂದಾಗ ಮೊದಲ ಬಾರಿಗೆ ಮನೆಯಿಲ್ಲದವರಾಗುತ್ತಾರೆ.

ಮಣ್ಣು ಎಲ್ಲಿ ಉಳಿದಿದೆ ಎಂಬ ಪ್ರಶ್ನೆಯೇ ಕಥೆಯ ಚಾಲಕ. ನಾನು ಸೂಚಿಸುವ ಉತ್ತರ ಹೀಗಿದೆ: ಆ ವಾಡೆಯಲ್ಲಿ ಬಾಡಿಗೆಗಿದ್ದ ಒಂದು ಕುಟುಂಬದ ಹಿರಿಯಳು, ಊರು ಬಿಡುವ ದಿನ ಅಂಗಳದ ತುಳಸಿಯನ್ನು ಬೇರಿನ ಮಣ್ಣಿನ ಸಮೇತ ಎತ್ತಿ, ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ನವನಗರಕ್ಕೆ ತಂದಳು. ವಾಡೆಯ ಮಣ್ಣಿನಲ್ಲಿ ನೀರಿನ ಮೇಲೆ ಉಳಿದದ್ದು ಅಷ್ಟೇ, ಅವಳ ಮನೆಯ ತುಳಸಿ ಕಟ್ಟೆಯಲ್ಲಿ. ಅವಳ ಮೊಮ್ಮಗಳು ನೇತ್ರಾ ನಿಮ್ಮ ನಾಯಕಿ.

ಮೂರನೆಯ ಹೆಜ್ಜೆ: ಹಗೆಯನ್ನು ವಾಟ್ನಿಯಿಂದ ಶುರುಮಾಡಿ

ಇಬ್ಬರು ಅಣ್ಣತಮ್ಮಂದಿರು ಒಂದೇ ಹುಡುಗಿಯನ್ನು ಕಂಡ ಕ್ಷಣದಿಂದ ಶತ್ರುಗಳಾದರು ಎಂದು ಬರೆದರೆ ಉತ್ತರ ಕರ್ನಾಟಕದ ಓದುಗ ಒಪ್ಪುವುದಿಲ್ಲ. ಅಣ್ಣತಮ್ಮಂದಿರ ಜಗಳ ಹೇಗೆ ಹುಟ್ಟುತ್ತದೆಂದು ಅವನು ತನ್ನ ಮನೆಯಲ್ಲೇ ನೋಡಿರುತ್ತಾನೆ. ಹೊಲದ ವಾಟ್ನಿ (ಪಾಲು), ಬಾವಿಯ ನೀರಿನ ಪಾಳಿ, ಬದುವಿನ ಮೇಲಿನ ಬೇವಿನ ಮರ ಯಾರದು, ಉತಾರದಲ್ಲಿ (ಹೊಲದ ದಾಖಲೆಯಲ್ಲಿ) ಮೊದಲು ಯಾರ ಹೆಸರು, ಅವ್ವನನ್ನು ಕೊನೆಗಾಲದಲ್ಲಿ ನೋಡಿಕೊಂಡವರು ಯಾರು: ಇಂಥ ಸಣ್ಣ ಸಣ್ಣ ಸಂಗತಿಗಳು ಹತ್ತಿಪ್ಪತ್ತು ವರ್ಷ ಕೂಡಿ ಮಾತು ಬಿಡುವ ಮಟ್ಟಕ್ಕೆ ಬರುತ್ತವೆ. ನಿಮ್ಮ ಅಣ್ಣತಮ್ಮಂದಿರಿಗೆ ನೂರು ವರ್ಷಗಳ ಅವಕಾಶವಿದೆ.

ಆದ್ದರಿಂದ ಒಂದು ಹಾಳೆಯ ಮೇಲೆ ಅವರಿಬ್ಬರ ಲೆಕ್ಕವನ್ನು ಬರೆಯಿರಿ. ಜ್ವರದ ರಾತ್ರಿ ಮೊದಲು ಬದಲಾದವನು ಶಿವರುದ್ರ. ತಮ್ಮ ಸಾಯುವುದನ್ನು ನೋಡಲಾರದೆ ಅವನನ್ನೂ ತನ್ನಂತೆ ಮಾಡಿದ. ಅಣ್ಣನ ಲೆಕ್ಕದಲ್ಲಿ ಅದು ಪ್ರಾಣದಾನ, ತಮ್ಮನ ಲೆಕ್ಕದಲ್ಲಿ ಅದು ತನ್ನನ್ನು ಕೇಳದೆ ಮಾಡಿದ ಅನ್ಯಾಯ. ಇಬ್ಬರ ಮಾತೂ ಸರಿ. ಒಬ್ಬನನ್ನು ಕೆಟ್ಟವನೆಂದೂ ಮತ್ತೊಬ್ಬನನ್ನು ಒಳ್ಳೆಯವನೆಂದೂ ಹಂಚಿಬಿಟ್ಟ ಹಸ್ತಪ್ರತಿಗಳು ನೂರನೆಯ ಪುಟ ತಲುಪುವ ಮೊದಲೇ ಉಸಿರು ಬಿಡುವುದನ್ನು ನಾನು ಕಂಡಿದ್ದೇನೆ. ಅಣ್ಣನ ಅಧ್ಯಾಯವನ್ನು ಓದುವಾಗ ಅಣ್ಣನೇ ಸರಿ ಎನ್ನಿಸಬೇಕು, ತಮ್ಮನ ಅಧ್ಯಾಯದಲ್ಲಿ ತಮ್ಮನೇ.

ಮುಳುಗಡೆಯ ಪರಿಹಾರವನ್ನೂ ಈ ಲೆಕ್ಕಕ್ಕೆ ಸೇರಿಸಿ. ದಾಖಲೆಯಲ್ಲಿ ಸತ್ತವರಾದ ಇಬ್ಬರು ತಮ್ಮ ವಾಡೆಗೆ ಪರಿಹಾರ ಕೇಳಲಾರರು. ದೂರದ ದಾಯಾದಿಗಳು ಬಂದು ಸಹಿ ಮಾಡಿ ಹಣ ಎತ್ತುವುದನ್ನು ಕತ್ತಲಲ್ಲಿ ನಿಂತು ನೋಡಬೇಕು. ಬದುಕಿದ್ದೂ ಇಲ್ಲದಂತಾಗುವ ಸಂಕಟವನ್ನು ಇದಕ್ಕಿಂತ ಸರಳವಾಗಿ ತೋರಿಸುವ ದೃಶ್ಯ ನನಗೆ ಹೊಳೆದಿಲ್ಲ.

ನಾಲ್ಕನೆಯ ಹೆಜ್ಜೆ: ನಿಯಮಗಳನ್ನು ನಮ್ಮ ಮನೆಗೆ ಒಗ್ಗಿಸಿ

ರಕ್ತಪಿಶಾಚಿಯ ಕಥೆ ನಿಲ್ಲುವುದು ನಿಯಮಗಳ ಮೇಲೆ. ಯಾವುದನ್ನು ಇಟ್ಟುಕೊಳ್ಳುತ್ತೀರಿ, ಯಾವುದನ್ನು ಬಿಡುತ್ತೀರಿ ಎಂಬುದನ್ನು ಮೊದಲೇ ತೀರ್ಮಾನಿಸಿ ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ, ನಡುವೆ ಬದಲಿಸಬೇಡಿ.

ಬಿಸಿಲಿಗೆ ಸುಟ್ಟು ಸಾಯುವ ನಿಯಮ ಸ್ಟೋಕರನ ಕಾದಂಬರಿಯಲ್ಲಿ ಇಲ್ಲವೇ ಇಲ್ಲ. ಅಲ್ಲಿ ಅವನು ಹಗಲಿನಲ್ಲಿ ತಿರುಗಾಡುತ್ತಾನೆ, ಶಕ್ತಿ ಮಾತ್ರ ಕುಗ್ಗಿರುತ್ತದೆ. ಬಿಸಿಲು ಕೊಲ್ಲುತ್ತದೆಂಬುದು 1922ರ ನೊಸ್‌ಫೆರಾಟು ಎಂಬ ಜರ್ಮನ್ ಮೂಕಿ ಚಿತ್ರದಿಂದ ಬೆಳೆದು ಬಂದದ್ದು. ನೀವು ಹಳೆಯ ನಿಯಮವನ್ನೇ ಹಿಡಿಯಿರಿ. ಏಪ್ರಿಲ್ ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಮನುಷ್ಯರೇ ಮಧ್ಯಾಹ್ನ ಹೊರಗೆ ಕಾಲಿಡುವುದಿಲ್ಲ. ತಲೆಗೆ ಟವೆಲು ಸುತ್ತಿಕೊಂಡು ನೆರಳಿನಿಂದ ನೆರಳಿಗೆ ಸರಿಯುವ ಹುಡುಗನನ್ನು ಯಾರೂ ಸಂಶಯದಿಂದ ನೋಡುವುದಿಲ್ಲ. ಕಾಲೇಜಿನ ದೃಶ್ಯಗಳೂ ಇದರಿಂದ ಸಾಧ್ಯವಾಗುತ್ತವೆ.

ಬಳ್ಳೊಳ್ಳಿಯ ವಿಷಯಕ್ಕೆ ಹೆಚ್ಚು ಯೋಚನೆ ಬೇಕು. ಶೇಂಗಾ ಚಟ್ನಿ, ಕೆಂಪು ಖಾರ, ಪಲ್ಯದ ಒಗ್ಗರಣೆ, ಎಲ್ಲದರಲ್ಲೂ ಬಳ್ಳೊಳ್ಳಿ ಇರುವ ಸೀಮೆ ಇದು. ಅದು ರಕ್ತಪಿಶಾಚಿಯನ್ನು ಕೊಲ್ಲುವುದಾದರೆ ನಿಮ್ಮ ಕಥೆ ಮೊದಲ ಅಧ್ಯಾಯದಲ್ಲೇ ಮುಗಿಯುತ್ತದೆ. ಅನೇಕರು ಈ ನಿಯಮವನ್ನು ಕೈಬಿಡುತ್ತಾರೆ. ನಾನು ಅದನ್ನು ನೋವಾಗಿ ಬದಲಿಸಿಕೊಳ್ಳಲು ಹೇಳುತ್ತೇನೆ. ಶಿವರುದ್ರನಿಗೆ ಅವ್ವನೆಂದರೆ ಒರಳಿನಲ್ಲಿ ಶೇಂಗಾ ಬಳ್ಳೊಳ್ಳಿ ಕುಟ್ಟಿದ ಕೈಯ ವಾಸನೆ. ನೂರು ವರ್ಷಗಳ ಮೇಲೆ ನೇತ್ರಾಳ ಅಡುಗೆಮನೆಯಿಂದ ಆ ವಾಸನೆ ಬಂದಾಗ ಅವನು ಹತ್ತಿರ ಹೋಗಬಯಸುತ್ತಾನೆ, ಗಂಟಲು ಬಿಗಿದು ಹಿಂದೆ ಸರಿಯಬೇಕಾಗುತ್ತದೆ. ಅವನ ಬಗ್ಗೆ ಓದುಗರು ಮೊದಲ ಸಲ ಕನಿಕರಪಡುವುದು ಆ ಪುಟದಲ್ಲಿ.

ಇನ್ನು ಹೊಸ್ತಿಲು. ಮನೆಯವರು ಕರೆಯದೆ ಒಳಗೆ ಬರಲಾರದವನು ಎಂಬ ನಿಯಮ ನಮ್ಮಲ್ಲಿ ಅಪಾರವಾದ ಅರ್ಥ ಪಡೆಯುತ್ತದೆ. ಬಾದಾಮಿಯ ಹಳೆಯ ಹೆಸರು ವಾತಾಪಿ. ವಾತಾಪಿ ಮತ್ತು ಇಲ್ವಲ ಎಂಬ ರಾಕ್ಷಸ ಅಣ್ಣತಮ್ಮಂದಿರ ಕಥೆ ಮಹಾಭಾರತದಲ್ಲಿದೆ: ಇಲ್ವಲ ಅತಿಥಿಗಳನ್ನು ಊಟಕ್ಕೆ ಕರೆದು, ತಮ್ಮನನ್ನೇ ಮೇಕೆಯಾಗಿಸಿ ಅಡುಗೆ ಮಾಡಿ ಬಡಿಸಿ, ಆಮೇಲೆ ‘ವಾತಾಪಿ, ಹೊರಗೆ ಬಾ’ ಎಂದು ಕೂಗುತ್ತಿದ್ದ, ತಮ್ಮ ಅತಿಥಿಯ ಹೊಟ್ಟೆ ಸೀಳಿಕೊಂಡು ಹೊರಬರುತ್ತಿದ್ದ. ಅಗಸ್ತ್ಯರು ಅವನನ್ನು ಜೀರ್ಣಿಸಿಕೊಂಡ ಮೇಲೆ ಆ ಕೂಗಿಗೆ ಉತ್ತರ ಬರಲಿಲ್ಲ. ಕರೆಯುವ ಧ್ವನಿಯೇ ಸಾವಾಗುವ ಈ ಕಥೆ, ಅದೂ ಅಣ್ಣತಮ್ಮಂದಿರದು, ನಿಮ್ಮ ಜಿಲ್ಲೆಯಲ್ಲೇ ಇರುವಾಗ ಡ್ರಾಕುಲಾನ ಟ್ರಾನ್ಸಿಲ್ವೇನಿಯಾದ ಕೋಟೆಗೆ ಏಕೆ ಹೋಗಬೇಕು? ಅದರ ಪಕ್ಕದಲ್ಲಿ ನಮ್ಮ ರಾಜ್ಯದ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ಕಾಣುತ್ತಿದ್ದ ‘ನಾಳೆ ಬಾ’ ಎಂಬ ಎರಡು ಶಬ್ದಗಳನ್ನು ಇಡಿ. ಪರಿಚಿತರ ಧ್ವನಿಯಲ್ಲಿ ಕರೆಯುವ ದೆವ್ವ ಆ ಬರಹವನ್ನು ಓದಿ ಹಿಂದಿರುಗುತ್ತದೆ, ಮರುದಿನ ಮತ್ತೆ ಬಂದು ಮತ್ತೆ ಓದುತ್ತದೆ ಎಂಬ ನಂಬಿಕೆ ಅದು.

ಆದರೆ ನಮ್ಮ ಕಡೆ ಬಾಗಿಲಿಗೆ ಬಂದವರನ್ನು ಕರೆಯದೆ ಇರುವುದು ಅಪಚಾರ. ನೀರು ಬೆಲ್ಲ ಕೊಡದೆ ಯಾರನ್ನೂ ಕಳಿಸದ ಅಜ್ಜಿಯೊಬ್ಬಳು ಮನೆಯಲ್ಲಿದ್ದರೆ ಈ ನಿಯಮ ಎಷ್ಟು ಬೇಗ ಮುರಿದೀತು ನೋಡಿ. ಸಂಜೆ ಹೊತ್ತು ಬಾಗಿಲಲ್ಲಿ ನೆರಳು ಕಂಡು ಅಜ್ಜಿ, “ಯಾರಪಾ ಅದು, ಹೊರಗ ಯಾಕ ನಿಂತಿ, ಒಳಗ ಬಾ” ಎನ್ನುತ್ತಾಳೆ. ಶಿವರುದ್ರ ಒಳಗೆ ಬರುತ್ತಾನೆ. ಗುರುಪಾದನಿಗೂ ಅದೇ ಕರೆ ಸಿಗುತ್ತದೆ, ಅವನು ಹೊಸ್ತಿಲ ಆಚೆಗೇ ನಿಂತು, “ಇಲ್ರಿ ಅಜ್ಜಿ, ಇಲ್ಲೇ ಅಡ್ಡಿ ಇಲ್ಲ” ಎನ್ನುತ್ತಾನೆ. ಕರೆಯುತ್ತಿರುವುದು ಯಾರನ್ನೆಂದು ತಿಳಿಯದೆ ಅಜ್ಜಿ ಕರೆದದ್ದನ್ನು ಅವನು ಬಳಸಿಕೊಳ್ಳುವುದಿಲ್ಲ. ಇಬ್ಬರ ಸ್ವಭಾವವೂ ಒಂದೇ ದೃಶ್ಯದಲ್ಲಿ, ಒಂದೂ ವಿಶೇಷಣವಿಲ್ಲದೆ ತಿಳಿಯಿತು.

ಕನ್ನಡಿಯಲ್ಲಿ ಕಾಣದವನು ಮೊಬೈಲ್ ಕ್ಯಾಮೆರಾದಲ್ಲಿ ಕಾಣುತ್ತಾನೆಯೇ ಎಂದು ಓದುಗರು ಖಂಡಿತ ಕೇಳುತ್ತಾರೆ. ಉತ್ತರ ಯಾವುದಾದರೂ ಆಗಲಿ, ಒಂದೇ ಆಗಿರಲಿ. ಹರಿಯುವ ನೀರನ್ನು ದಾಟಲಾರನೆಂಬ ನಿಯಮವನ್ನು ಮಾತ್ರ ಬಿಡಲೇಬೇಡಿ, ಅದು ಮುಂದೆ ಬೇಕಾಗುತ್ತದೆ.

ಐದನೆಯ ಹೆಜ್ಜೆ: ಹುಡುಗಿಯನ್ನು ಪಾಲು ಮಾಡಬೇಡಿ

ನಾನು ಈ ಲೇಖನ ಬರೆಯಲು ಮುಖ್ಯ ಕಾರಣ ಈ ಹೆಜ್ಜೆ.

ಕನ್ನಡದಲ್ಲಿ ಅಣ್ಣತಮ್ಮಂದಿರ ಹಗೆಯ ಅತ್ಯುನ್ನತ ಚಿತ್ರ 941ರಲ್ಲಿ ಪಂಪ ಬರೆದ ಆದಿಪುರಾಣದಲ್ಲಿದೆ. ಭರತ ಬಾಹುಬಲಿಯರು ಸೈನ್ಯಗಳನ್ನು ಬದಿಗಿಟ್ಟು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ತಾವಿಬ್ಬರೇ ಎದುರಾಗುತ್ತಾರೆ. ಮೂರರಲ್ಲೂ ಗೆದ್ದ ಬಾಹುಬಲಿ ಗೆದ್ದ ಘಳಿಗೆಯಲ್ಲೇ ನಾಚುತ್ತಾನೆ; ಅಣ್ಣ ಒಲಿದ ಹೆಣ್ಣಿಗೂ ನೆಲಕ್ಕೂ ತಾನು ಆಸೆಪಟ್ಟರೆ ತನ್ನ ಕೀರ್ತಿ ಮಾಸದೆ ಎಂದು ಕೇಳಿ, ಎಲ್ಲವನ್ನೂ ಬಿಟ್ಟು ತಪಸ್ಸಿಗೆ ನಿಲ್ಲುತ್ತಾನೆ. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಹಾಗೆ ನಿಂತ ಅವನ ಶಿಲ್ಪವಿದೆ; ಬರೆಯುವವರು ಒಮ್ಮೆ ಅದರ ಮುಂದೆ ಹೋಗಿ ನಿಂತು ಬರಬೇಕು.

ಆ ಪದ್ಯವನ್ನು ನಾನು ತುಂಬ ಪ್ರೀತಿಸುತ್ತೇನೆ. ಆದರೆ ಅಲ್ಲಿ ಹೆಣ್ಣು ಮತ್ತು ನೆಲ ಒಂದೇ ಉಸಿರಿನಲ್ಲಿ ಬರುತ್ತವೆ, ಅಣ್ಣತಮ್ಮಂದಿರು ಬಿಟ್ಟುಕೊಡಬಹುದಾದ ಅಥವಾ ಹಿಡಿದಿಟ್ಟುಕೊಳ್ಳಬಹುದಾದ ಎರಡು ವಸ್ತುಗಳಂತೆ. ಸಾವಿರ ವರ್ಷಗಳ ಮೇಲೆ ಬರೆಯುವ ನಿಮ್ಮ ಕಾದಂಬರಿ ಅವೆರಡನ್ನೂ ಬಿಡಿಸಬೇಕು. ಮಣ್ಣನ್ನು ಹಂಚಬಹುದು, ನೇತ್ರಾಳನ್ನು ಹಂಚಲಾಗದು; ಅಣ್ಣನು ಅವಳನ್ನು ತಮ್ಮನಿಗೆ ‘ಬಿಟ್ಟುಕೊಡುವ’ ತ್ಯಾಗದ ದೃಶ್ಯವನ್ನು ದಯವಿಟ್ಟು ಬರೆಯಬೇಡಿ. ಎಷ್ಟೋ ಹಸ್ತಪ್ರತಿಗಳು ಅಲ್ಲಿಯೇ ಕೆಟ್ಟಿವೆ, ಕಣ್ಣೀರು ತರಿಸುವಷ್ಟು ಚೆನ್ನಾಗಿ ಬರೆದಿದ್ದರೂ.

ಹಾಗಾಗದಿರಲು ಒಂದೇ ದಾರಿ: ಅಧಿಕಾರವನ್ನು ಅವಳ ಕೈಯಲ್ಲಿಡಿ. ತುಳಸಿ ಕಟ್ಟೆಯ ಮಣ್ಣು ಅವಳ ಮನೆಯದು. ಅಣ್ಣತಮ್ಮಂದಿರಿಬ್ಬರೂ ಮೊದಲು ಬಂದದ್ದು ಆ ಮಣ್ಣಿಗಾಗಿ, ಅವಳಿಗಾಗಿ ಅಲ್ಲ. ಇದು ಅವಳಿಗೆ ಅರ್ಧ ಕಾದಂಬರಿಯ ಹೊತ್ತಿಗೆ ತಿಳಿಯಬೇಕು. ಗುರುಪಾದ ಸಂಜೆ ಸಂಜೆ ಗೇಟಿನ ಹೊರಗೆ ನಿಂತು ತನ್ನೊಂದಿಗೆ ಆಡಿದ ಮಾತೆಲ್ಲ ಮಣ್ಣಿನ ಸಲುವಾಗಿಯೇ ಎಂಬ ಸಂಶಯ ಅವಳನ್ನು ಸುಡಬೇಕು. ‘ಅವನಿಗೆ ಬೇಕಾದದ್ದು ನಾನೋ, ನನ್ನ ಮನೆಯ ಮಣ್ಣೋ’ ಎಂಬ ಪ್ರಶ್ನೆ, ವರದಕ್ಷಿಣೆಯ ಮಾತು ಕೇಳುತ್ತ ಬೆಳೆದ ಯಾವ ಹುಡುಗಿಗೂ ಹೊಸದಲ್ಲ. ನಿಮ್ಮ ಪ್ರೇಮಕಥೆಯ ನಿಜವಾದ ಬಿಗಿ ಅದು. ಜೊತೆಗೆ ಅವಳಿಗೆ ಅವಳದೇ ಆದ ಒಂದು ಬೇಕು ಇರಲಿ: ಪರೀಕ್ಷೆ, ಧಾರವಾಡದಲ್ಲಿ ಓದುವ ಆಸೆ, ಅಜ್ಜಿಯ ಆರೋಗ್ಯ, ಯಾವುದಾದರೂ. ಇಬ್ಬರು ಗಂಡುಮಕ್ಕಳು ಪುಟದಲ್ಲಿ ಇಲ್ಲದಾಗಲೂ ಅವಳ ದಿನ ತುಂಬಿರಬೇಕು.

ವಯಸ್ಸಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೂರು ವರ್ಷ ಬದುಕಿದವನಿಗೂ ಹದಿನೇಳರ ಹುಡುಗಿಗೂ ನಡುವೆ ಅನುಭವದ ದೊಡ್ಡ ಕಂದಕವಿದೆ. ಅದನ್ನು ಕಾಣದಂತೆ ಬರೆಯುವುದು ಪ್ರಾಮಾಣಿಕವಲ್ಲ. ನೇತ್ರಾ ಅದನ್ನು ಬಾಯಿಬಿಟ್ಟು ಕೇಳಲಿ: “ನಮ್ಮ ಮುತ್ತಜ್ಜಗಿಂತ ನೀವು ದೊಡ್ಡವರಲ್ರಿ?” ಗುರುಪಾದನೂ ಅದಕ್ಕೆ ನೇರವಾಗಿ ಉತ್ತರಿಸಲಿ. ಓದುಗರು ಹದಿಹರೆಯದವರು, ನಾಯಕಿಯೂ ಹಾಗೆಯೇ. ಪ್ರೇಮವು ಮಾತಿನಲ್ಲಿ, ಕಾಯುವುದರಲ್ಲಿ, ಪುಸ್ತಕದಲ್ಲಿಟ್ಟ ಚೀಟಿಯಲ್ಲಿ ನಿಲ್ಲಲಿ. ಹೊಸ್ತಿಲಿನ ಆಚೆ ಈಚೆ ಕುಳಿತ ಇಬ್ಬರ ನಡುವೆ ಇರುವ ಒಂದು ಮೊಳದ ಅಂತರಕ್ಕೆ ಎಷ್ಟು ಬಲವಿದೆ ಎಂಬುದು ಬರೆದವರಿಗಷ್ಟೇ ಗೊತ್ತು.

ಆರನೆಯ ಹೆಜ್ಜೆ: ಮೂರು ಯುದ್ಧಗಳನ್ನು ಮೂರು ಭಾಗಗಳಾಗಿಸಿ

ಕಥೆಯ ನಡಿಗೆಗೆ ಪಂಪನ ಮೂರು ಯುದ್ಧಗಳು ಒಳ್ಳೆಯ ಹಂದರ. ದೃಷ್ಟಿಯುದ್ಧ ಮೊದಲ ಭಾಗ: ಅಣ್ಣತಮ್ಮಂದಿರು ಎಷ್ಟೋ ವರ್ಷಗಳ ಮೇಲೆ ಒಂದೇ ಅಂಗಳದಲ್ಲಿ ಎದುರಾಗಿ, ನೇತ್ರಾಳ ಮುಂದೆ ಅಪರಿಚಿತರಂತೆ ನಟಿಸುತ್ತಾರೆ; ಕಣ್ಣು ಮೊದಲು ಇಳಿಸುವವನು ಯಾರು ಎಂಬುದರಲ್ಲಿ ಎಲ್ಲವೂ ಇದೆ. ಜಲಯುದ್ಧ ನಡುಭಾಗ: ಮಳೆಗಾಲದಲ್ಲಿ ಹಿನ್ನೀರು ಏರುತ್ತದೆ, ದಾಟಲಾರದ ನೀರು ಒಬ್ಬನನ್ನು ಹಳೇ ಊರಿನ ಕಡೆಗೆ, ಮತ್ತೊಬ್ಬನನ್ನು ನವನಗರದ ಕಡೆಗೆ ನಿಲ್ಲಿಸುತ್ತದೆ. ನಿಂತ ನೀರು ಹರಿಯುವ ನೀರೇ, ಅಲ್ಲವೇ ಎಂಬ ತರ್ಕವನ್ನು ಶಿವರುದ್ರನ ಬಾಯಿಂದ ಆಡಿಸಿ. ಅವನು ನಿಯಮದ ಸಂದಿಯಲ್ಲಿ ದಾರಿ ಹುಡುಕುವವನು. ಮಲ್ಲಯುದ್ಧ ಕೊನೆಯದು. ಬಾಗಲಕೋಟೆಯ ಹೋಳಿಯ ದಿನಗಳು ಅದಕ್ಕೆ ತಕ್ಕ ಹೊತ್ತು: ಹಲಗಿಯ ಸದ್ದಿನಲ್ಲಿ ಊರೇ ನಡುಗುತ್ತಿರುತ್ತದೆ, ಬಣ್ಣದ ಬಂಡಿಗಳು ಓಣಿ ತುಂಬಿರುತ್ತವೆ, ಎಲ್ಲರ ಮೈಯೂ ಕೆಂಪಾಗಿರುವಾಗ ಯಾರ ಮೈಮೇಲಿರುವುದು ಬಣ್ಣ, ಯಾರದು ರಕ್ತ ಎಂದು ಹೇಳಲಾಗದು. ಗರಡಿಯ ಪಟ್ಟುಗಳನ್ನು ಬರೆಯುವ ಮುನ್ನ ಕುಸ್ತಿ ಆಡಿದ ಹಿರಿಯರೊಬ್ಬರನ್ನು ಕೇಳಿಕೊಳ್ಳಿ.

ಅಂತ್ಯವನ್ನು ನಾನು ನಿಮಗಾಗಿ ಬರೆಯುವುದಿಲ್ಲ. ನೇತ್ರಾ ಆ ಮಣ್ಣನ್ನು ಎರಡು ಗಡಿಗೆಗಳಲ್ಲಿ ಪಾಲು ಮಾಡಿ ಇಬ್ಬರಿಗೂ ಕೊಡಬಹುದು, ಬೇಸಿಗೆಯಲ್ಲಿ ನೀರಿಳಿದಾಗ ವಾಡೆಯ ಜಾಗಕ್ಕೇ ಹಿಂದಿರುಗಿಸಬಹುದು, ಯಾರಿಗೂ ಕೊಡದೆ ಅಜ್ಜಿಯ ತುಳಸಿಯನ್ನೇ ಉಳಿಸಿಕೊಳ್ಳಬಹುದು. ತೀರ್ಮಾನ ಅವಳದಾಗಿದ್ದರೆ ಸಾಕು.

ಏಳನೆಯ ಹೆಜ್ಜೆ: ಭಾಷೆ ಮತ್ತು ಹೆಸರು

ನಿರೂಪಣೆ ಬರಹದ ಕನ್ನಡದಲ್ಲಿರಲಿ, ಮಾತು ಮಾತ್ರ ಮನೆಯ ಕನ್ನಡದಲ್ಲಿರಲಿ. ನೇತ್ರಾ ಗುರುಪಾದನಿಗೆ ಮೊದಲು ‘ರೀ’ ಹಚ್ಚಿ ಮಾತಾಡುತ್ತಾಳೆ. ಆ ‘ರೀ’ ಬಿದ್ದುಹೋಗುವ ವಾಕ್ಯ ಯಾವುದು ಎಂಬುದನ್ನು ಎಚ್ಚರದಿಂದ ಆರಿಸಿ, ಏಕೆಂದರೆ ನಮ್ಮ ಭಾಷೆಯಲ್ಲಿ ಪ್ರೇಮ ನಿವೇದನೆ ನಡೆಯುವುದು ಅಲ್ಲಿಯೇ. ಅಣ್ಣತಮ್ಮಂದಿರು ಎಷ್ಟೇ ಸಿಟ್ಟಿನಲ್ಲಿದ್ದರೂ ಗುರುಪಾದ ‘ಅಣ್ಣಾ’ ಎನ್ನುವುದನ್ನು ಬಿಡದಿರಲಿ. ಅವನು ಒಂದೇ ಒಂದು ಸಲ ಹೆಸರು ಹಿಡಿದು “ಶಿವರುದ್ರ” ಎಂದು ಕರೆದರೆ ಓದುಗರು ಬೆಚ್ಚಬೇಕು. ‘ರಕ್ತಪಿಶಾಚಿ’ ಎಂಬ ಪುಸ್ತಕದ ಪದವನ್ನು ಪಾತ್ರಗಳ ಬಾಯಲ್ಲಿ ಹಾಕಬೇಡಿ. ಅಜ್ಜಿ ‘ಗಾಳಿ’ ಎನ್ನುತ್ತಾಳೆ, ನೆರೆಮನೆಯವರು ‘ದೆವ್ವ’ ಎನ್ನುತ್ತಾರೆ, ಅಣ್ಣತಮ್ಮಂದಿರು ತಮ್ಮನ್ನು ಏನೆಂದೂ ಕರೆದುಕೊಳ್ಳುವುದಿಲ್ಲ.

ಎಂಟನೆಯ ಹೆಜ್ಜೆ: ಎಚ್ಚರ, ಮತ್ತು ಮುಗಿಸುವ ಕೆಲಸ

ನಿಜವಾದ ಗುಡಿ, ದರ್ಗಾ, ಮಠ, ಮನೆತನಗಳನ್ನು ಪಿಶಾಚಿಯ ನೆಲೆಯಾಗಿ ತೋರಿಸಬೇಡಿ. ವಾಡೆಗೂ ಮನೆತನಕ್ಕೂ ಕಲ್ಪಿತ ಹೆಸರಿಡಿ. ಒಬ್ಬ ಒಂಟಿ ಹೆಂಗಸನ್ನು ಮಾಟಗಾತಿಯೆಂದು ಊರು ಹೊಡೆಯುವಂಥ ದೃಶ್ಯವನ್ನು ಕೇವಲ ರೋಚಕತೆಗಾಗಿ ತರಬೇಡಿ. ಅಂಥ ಕ್ರೌರ್ಯಗಳು ನಡೆದಿರುವುದರಿಂದಲೇ ನಮ್ಮ ರಾಜ್ಯ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ ಕಾಯ್ದೆ ತರಬೇಕಾಯಿತು. ಮುಳುಗಡೆಯಲ್ಲಿ ಮನೆ ಕಳೆದುಕೊಂಡವರು ನಿಮ್ಮ ಓದುಗರಲ್ಲೇ ಇದ್ದಾರೆ. ಅವರ ನೋವು ನಿಮ್ಮ ಕಥೆಗೆ ಪರದೆಯ ಚಿತ್ರವಾಗಬಾರದು, ಕಥೆಯ ಒಡಲೇ ಆಗಬೇಕು.

ಸ್ಟೋಕರ್ 1912ರಲ್ಲಿ ತೀರಿಕೊಂಡರು. ನಮ್ಮ ಕಾನೂನಿನಲ್ಲಿ ಕೃತಿಸ್ವಾಮ್ಯ ಲೇಖಕರ ಮರಣಾನಂತರ 60 ವರ್ಷ ಇರುವುದರಿಂದ ಅವರ ನಿಯಮಗಳನ್ನು ಬಳಸಲು ಅಡ್ಡಿಯಿಲ್ಲ. ಈಚಿನ ಕಾದಂಬರಿ, ಸೀರಿಯಲ್‌ಗಳ ಪಾತ್ರಗಳನ್ನು ಹೆಸರು ಬದಲಿಸಿ ತರಬೇಡಿ.

ದಿನಕ್ಕೆ ಒಂದು ಪುಟದಂತೆ ಬರೆದರೆ ಒಂದು ವರ್ಷದೊಳಗೆ ಕರಡು ಮುಗಿಯುತ್ತದೆ, ಪರೀಕ್ಷೆಯ ಎರಡು ತಿಂಗಳು ಬಿಟ್ಟರೂ. ಮುಗಿದ ಮೇಲೆ ಮಾತಿನ ಭಾಗಗಳನ್ನೆಲ್ಲ ಮನೆಯ ಹಿರಿಯರ ಮುಂದೆ ಗಟ್ಟಿಯಾಗಿ ಓದಿ. “ಹಿಂಗ ಯಾರೂ ಮಾತಾಡೂದಿಲ್ಲವಾ” ಎಂದು ಅವರು ಹೇಳಿದ ಸಾಲುಗಳಿಗೆ ಗೆರೆ ಹಾಕಿ ಮತ್ತೆ ಬರೆಯಿರಿ. ಪುಸ್ತಕವಾಗಿಸುವವರು ಐಎಸ್‌ಬಿಎನ್ ಸಂಖ್ಯೆಗಾಗಿ ಯಾರಿಗೂ ಹಣ ಕೊಡಬೇಕಾಗಿಲ್ಲ, ನಮ್ಮ ದೇಶದಲ್ಲಿ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ.

ಇವೆಲ್ಲದರ ನಡುವೆ ಒಂದು ಸಲ ಬೇಸಿಗೆಯಲ್ಲಿ, ಹಿನ್ನೀರು ಇಳಿದಿರುವಾಗ, ಹಳೇ ಊರಿನಲ್ಲಿ ಹುಟ್ಟಿ ಬೆಳೆದ ಒಬ್ಬ ಹಿರಿಯರ ಜೊತೆ ನೀರಿನ ಅಂಚಿಗೆ ಹೋಗಿ ಬನ್ನಿ. ಅವರು ಎಲ್ಲೆಲ್ಲಿ ಬೆರಳು ತೋರಿಸಿದರು, ಯಾವ ಮನೆಯ ಹೆಸರು ಮೊದಲು ಹೇಳಿದರು, ಎಲ್ಲಿ ಸುಮ್ಮನಾದರು ಎಂಬುದನ್ನು ಅಲ್ಲಿಯೇ ಬರೆದುಕೊಳ್ಳಿ. ಬೆಳಿಗ್ಗೆ ಬೇಗ ಹೊರಡಿ, ನೀರಿನ ಬಾಟಲಿ ಇಟ್ಟುಕೊಳ್ಳಿ, ಮೇಲೆ ಬಿರಿದು ಒಣಗಿದಂತೆ ಕಂಡ ಕೆಸರಿನ ಮೇಲೆ ಕಾಲಿಡಬೇಡಿ. ಒಳಗೆ ಅದು ಇನ್ನೂ ಹಸಿಯಾಗಿರುತ್ತದೆ.